ಹಳದಿ ಪಟ್ಟಿ, ಕೆಂಪು ಪಟ್ಟಿ

ನಳದ ನೀರು ಬರುವುದರೊಳಗೆ ಅಂಗಳ ತೊಳೆದು, ಹಿಂದಿನ ದಿನ ಒಣಹಾಕಿದ ಬಟ್ಟೆಗಳನ್ನು ಒಳಗೆ ತರುವುದು ನನ್ನ ಬೆಳಗಿನ ಮೊದಲ ಕೆಲಸ. ಸಿಂಧನೂರಿನಲ್ಲಿ ಬಟ್ಟೆಯನ್ನು ಜಾಡಿಸದೆ ಮಡಚುವ ಹಾಗಿಲ್ಲ. ರೈಸ್ ಮಿಲ್ಲುಗಳ ಕಡೆಯಿಂದ ಗಾಳಿ ಬೀಸಿದರೆ ಹೊಟ್ಟಿನ ಕಪ್ಪು ಬೂದಿ ಬಿಳಿ ಪಂಚೆಯ ಮೇಲೆ ಎಳ್ಳು ಚೆಲ್ಲಿದಂತೆ ಕೂತಿರುತ್ತದೆ. ಅಂದೂ ಹಾಗೇ ಜಾಡಿಸಿ, ಮಡಚಿಟ್ಟು, ಚಹಾಕ್ಕೆ ನೀರಿಟ್ಟು ಏಲಕ್ಕಿಯ ಡಬ್ಬಿಗೆ ಕೈ ಹಾಕಿದ್ದೆ.

ಏಲಕ್ಕಿ ಇಡುವುದು ಒಂದು ಕರಿ ಡಬ್ಬಿಯಲ್ಲಿ. ಬೂದು ಬಣ್ಣದ ಮುಚ್ಚಳ, ಹೆಬ್ಬೆರಳಿನಷ್ಟು ಎತ್ತರ. ಹಿಂದೆ ಕ್ಯಾಮೆರಾದ ರೀಲು ಇಂಥ ಡಬ್ಬಿಯಲ್ಲಿ ಬರುತ್ತಿತ್ತು. ಇಷ್ಟು ವರ್ಷ ಏಲಕ್ಕಿ ಇಟ್ಟರೂ ಮುಚ್ಚಳ ತೆಗೆದ ಮೊದಲ ಕ್ಷಣದಲ್ಲಿ ಬೇರೆಯದೇ ಒಂದು ವಾಸನೆ ಬಂದುಹೋಗುತ್ತದೆ, ಸ್ವಲ್ಪ ಹುಳಿ, ಸ್ವಲ್ಪ ಔಷಧಿಯಂಥದ್ದು. ದಿನಾ ಬರುತ್ತದೆ, ದಿನಾ ಮರೆತುಬಿಡುತ್ತೇನೆ. ಅಂದು ಮರೆಯುವ ಮೊದಲೇ ಮಸ್ಕಿಯಿಂದ ತಮ್ಮನ ಫೋನು ಬಂತು.

"ಅಕ್ಕಾ, ಸ್ಟುಡಿಯೋ ಕಾಕಾ ಹೋದ್ರಂತ. ರಾತ್ರಿ ಉಂಡು ಮಲಕ್ಕೊಂಡವ್ರು ಏಳಲೇ ಇಲ್ಲಂತ. ಅಂಗಡಿ ಮುಂದ ಗೊಬ್ಬರದ ಲಾರಿ ನಿಂತೈತಿ, ನನಗ ಬರಾಕ ಆಗಂಗಿಲ್ಲ. ನಿಮ್ಮೂರಾಗ ಅದಾರಲ್ಲ, ನೀನರ ಹೋಗಿ ಬಾ."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಏಲಕ್ಕಿ ಹಾಕುವುದು ಮರೆತಿತ್ತು…

ಮಸ್ಕಿಯಲ್ಲಿ ನನ್ನ ತವರುಮನೆ ಬಜಾರಿಗೆ ಮುಖ ಮಾಡಿಕೊಂಡಿತ್ತು. ಮುಂಭಾಗದಲ್ಲಿ ಎರಡು ಕೋಣೆಗಳು. ಒಂದರಲ್ಲಿ ಅಪ್ಪನ ಬೀಜ-ಗೊಬ್ಬರದ ಅಂಗಡಿ, ಇನ್ನೊಂದರಲ್ಲಿ ಸ್ಟುಡಿಯೋ. ನನಗೆ ತಿಳಿವಳಿಕೆ ಬರುವ ಮೊದಲೇ ಕಾಕಾ ಅಲ್ಲಿದ್ದರು. ರಕ್ತಸಂಬಂಧವೇನೂ ಇರಲಿಲ್ಲ, ಬಾಡಿಗೆಗೆ ಬಂದವರು. ಆದರೆ ಮಧ್ಯಾಹ್ನದ ಮಜ್ಜಿಗೆ ನಮ್ಮ ಮನೆಯಿಂದ, ಕಾಕಿ ಮಾಡಿದ ಶೇಂಗಾ ಹಿಂಡಿಯ ಚಟ್ನಿಪುಡಿ ನಮ್ಮ ಮನೆಗೆ. ಹಾಗೆ ಹೋಗಿಬಂದು ಸಂಬಂಧ ಬೆಳೆದಿತ್ತು. ಕಾಕಾರ ಅವ್ವ ಅವರು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರಂತೆ. ನಮ್ಮ ಅಜ್ಜಿಯನ್ನೇ 'ಯವ್ವಾ' ಎನ್ನುತ್ತಿದ್ದರು.

ಸ್ಟುಡಿಯೋದ ಒಳಗೋಡೆಗೆ ಒಂದು ಪರದೆ. ಅದರ ಮೇಲೆ ಸರೋವರ, ಸರೋವರದಲ್ಲಿ ಹಂಸ, ಹಿಂದೆ ಹಿಮದ ಬೆಟ್ಟ. ಮಸ್ಕಿಯ ಉರಿಬಿಸಿಲಿನಲ್ಲಿ ಬೆವರುತ್ತ ಬಂದವರು ಆ ಹಿಮದ ಬೆಟ್ಟದ ಮುಂದೆ ನಿಂತು, ಟಾಲ್ಕಂ ಪೌಡರು ಬಳಿದುಕೊಂಡು, ಉಸಿರು ಬಿಗಿಹಿಡಿಯುತ್ತಿದ್ದರು. ಕಾಕಾ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡೇ ಅವರ ಕಾಲರು ತಿದ್ದುವರು, ಗದ್ದವನ್ನು ಬೆರಳಿನಿಂದ ತುಸು ಎತ್ತುವರು. ಆ ಕ್ಯಾಮೆರಾದ ಪಟ್ಟಿ ಹಳದಿ. ಬೆವರು ಕುಡಿದು ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು.

ಅವರ ತಮ್ಮ ಸಿಂಧನೂರಿನಲ್ಲಿ ಬೇರೆ ಸ್ಟುಡಿಯೋ ಹಾಕಿದ್ದರು. ಅವರ ಕ್ಯಾಮೆರಾದ ಪಟ್ಟಿ ಕೆಂಪು. ಕಂಪನಿಗಳ ಹೆಸರು ಹೇಳಲು ನಮ್ಮ ಬಜಾರಿನವರ ನಾಲಿಗೆ ತಿರುಗುತ್ತಿರಲಿಲ್ಲ. ಹಳದಿ ಪಟ್ಟಿ, ಕೆಂಪು ಪಟ್ಟಿ ಎಂದರೆ ಮುಗಿಯಿತು, ಎಲ್ಲರಿಗೂ ಗೊತ್ತು. ತಮ್ಮನದು ಹೊಸ ಕಾಲದ್ದು. ರೀಲು ಹಾಕಿ ಮುಚ್ಚಿದರೆ ಸರ್ರನೆ ತಾನೇ ಸುತ್ತಿಕೊಳ್ಳುತ್ತಿತ್ತು. ರೀಲು ಒಳಗಿನ ಚಕ್ರದ ಹಲ್ಲಿಗೆ ಹಿಡಿಯದಿದ್ದರೆ ಪುಟ್ಟ ಕಿಟಕಿಯಲ್ಲಿ ಗುರುತು ಮಿಣುಕುತ್ತಿತ್ತು, ಗುಂಡಿ ಒತ್ತಿದರೂ ಕ್ಲಿಕ್ ಎನ್ನುತ್ತಿರಲಿಲ್ಲ. ಕಾಕಾರದ್ದು ಎಲ್ಲವೂ ಕೈಯದು. ಬಲಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಎಳೆದು ರೀಲು ಮುಂದೂಡಬೇಕು. ನಾನು ಲಿಂಗಸುಗೂರಿನ ಕಾನ್ವೆಂಟಿನಿಂದ ಬಸ್ಸಿಳಿದು ಬಂದ ಸಂಜೆಗಳಲ್ಲಿ ಖಾಲಿ ಕ್ಯಾಮೆರಾ ಕೈಗೆ ಕೊಟ್ಟು ಹೇಳಿಕೊಡುತ್ತಿದ್ದರು. "ಬಲಕ್ಕ ಎಳೆದಾಗ ಎಡಕ್ಕಿನ ಗುಂಡಿ ತಿರಗಬೇಕವ್ವ. ಅದು ತಿರಗಿದ್ರ ರೀಲು ನಡದೈತಿ ಅಂತ. ಕಣ್ಣು ಅದರ ಮ್ಯಾಲಿರಬೇಕು."

ಎರಡು ಅಂಗಡಿಗಳ ನಡುವೆ ಒಂದು ಕಲ್ಲಿನ ಕಟ್ಟೆ. ಅಪ್ಪ, ಕಾಕಾ, ಬಸ್ಸಿಗೆ ಕಾಯುವ ಬಳಗಾನೂರಿನ ರೈತರು, ಎಲ್ಲರ ಸಂಜೆಯ ಪಂಚಾಯ್ತಿ ಅಲ್ಲೇ. ಕಾಕಾರ ತಮ್ಮ ಸಿಂಧನೂರಿನಿಂದ ಬಂದ ದಿನ ಮಾತು ಬೇರೆ ಎಲ್ಲಿಗೂ ಹೋಗುತ್ತಿರಲಿಲ್ಲ.

"ಅಣ್ಣಾ, ನಿನ್ನ ಕ್ಯಾಮೆರಾಕ್ಕ ಇನ್ನ ಪಿಂಚಣಿ ಕೊಡು. ಭಾಳ ದುಡದೈತಿ," ಎನ್ನುವರು ತಮ್ಮ.

"ಒಲಿ ಕಂಪನಿ ನೋಡಿ ರೊಟ್ಟಿ ಉಬ್ಬತೈತೇನಲೇ? ತಟ್ಟೋ ಕೈ ಬೇಕು."

"ಯಾವ ಕಂಪನಿ ಆದ್ರೇನ್ರಿ, ನಮ್ಮ ಮಾರಿ ನಮ್ಮ ಮಾರಿ ಹಂಗ ಬರತೈತಿ. ಅದಕ್ಕ ಯಾರೂ ಮದ್ದು ಕಂಡುಹಿಡಿದಿಲ್ಲ," ಎಂದು ಬಳಗಾನೂರಿನ ರೈತನೊಬ್ಬ ಒಮ್ಮೆ ಹೇಳಿದ್ದಕ್ಕೆ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಕಾಕಿ ಒಳಗಿನಿಂದಲೇ ಕೇಳಿಸಿಕೊಂಡು ಬಾಗಿಲಿಗೆ ಬಂದು ನಿಲ್ಲುವರು. "ಹಂಚು ಸೀಳಿದ್ರ ಯಾರ ಕೈಯಾಗಾದ್ರೂ ರೊಟ್ಟಿ ಹರಿತೈತಿ. ಅದನ್ನೂ ಹೇಳ್ರಿ ಮತ್ತ."

"ನೀ ಯಾರ ಕಡೆ ಬೇ?"

"ನಾ ಹಂಚಿನ ಕಡೆ."

ಅಪ್ಪ ಯಾವಾಗಲೂ ಕಾಕಾರ ಪಕ್ಷ. ತಾವು ಮಾರುವ ಬೀಜದ ಚೀಲಗಳ ಮೇಲಿನ ಕಂಪನಿ ಹೆಸರು ನೋಡಿ ನೋಡಿ ಬೇಸತ್ತಿದ್ದರೋ ಏನೋ. ಬಿತ್ತುವವನ ಕೈಗುಣ ದೊಡ್ಡದು ಎಂದು ವಾದಿಸುತ್ತಿದ್ದರು. ಅದಕ್ಕೆ ಸಾಕ್ಷಿಯಾಗಿ ನಮ್ಮ ಶಾಲೆಯ ಫೋಟೋವನ್ನೇ ತೋರಿಸುತ್ತಿದ್ದರು. ಒಂದು ವರ್ಷ ನಮ್ಮ ಕ್ಲಾಸಿನ ಗ್ರೂಪ್ ಫೋಟೋ ತೆಗೆಯಲು ಕಾಕಾ ಲಿಂಗಸುಗೂರಿಗೆ ಬಂದಿದ್ದರು. ಸಿಸ್ಟರ್ ನಮ್ಮನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಇಂಗ್ಲಿಷಿನಲ್ಲಿ ಗದರಿ, ಕೈ ಕಟ್ಟಿಸಿದ್ದರು. ಎಲ್ಲರ ಮುಖವೂ ಪರೀಕ್ಷೆಗೆ ಕೂತಂತೆ. ಕಾಕಾ ಕಣ್ಣಿಗೆ ಕ್ಯಾಮೆರಾ ಹಿಡಿದುಕೊಂಡೇ, "ಇವತ್ತ ಯಾರ್ಯಾರ ಡಬ್ಬ್ಯಾಗ ಉಪ್ಪಿಟ್ಟೈತಿ? ಕೈ ಎತ್ತಬ್ಯಾಡ್ರಿ, ಮಾರ್ಯಾಗ ತೋರಸ್ರಿ," ಎಂದರು. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಅಷ್ಟೂ ಹುಡುಗಿಯರ ತುಟಿಯ ಮೇಲೆ ನಗು ಬಂದು ಇನ್ನೂ ಒಡೆಯದೆ ನಿಂತಿದೆ. ತುದಿಯಲ್ಲಿ ನಿಂತ ಸಿಸ್ಟರ್ ಮಾತ್ರ ಪೂರ್ತಿ ನಕ್ಕುಬಿಟ್ಟಿದ್ದಾರೆ.

ಅಜ್ಜಿಗೆ ಈ ವಾದಗಳು ಬೇಕಿರಲಿಲ್ಲ. ಅವಳಿಗೆ ಹಳದಿ, ಕೆಂಪು ಎರಡೂ ವೈರಿಗಳೇ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಮದುವೆಗಳಲ್ಲಿ ಕ್ಯಾಮೆರಾ ಕಂಡರೆ ಸೆರಗನ್ನು ಮೂಗಿನವರೆಗೆ ಎಳೆದು ಕಂಬದ ಹಿಂದೆ ಸರಿಯುವಳು. ಮನೆಯ ಯಾವ ಫೋಟೋ ನೋಡಿದರೂ ಅಜ್ಜಿ ಎಂದರೆ ಒಂದು ಇಳಕಲ್ಲ ಸೀರೆಯ ಸೆರಗು, ಒಂದು ಮೊಣಕೈ, ಅಷ್ಟೆ. ಕಾಕಾ ಕಾಡುವುದನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಬಂದಾಗ ಅಜ್ಜಿಯೇ ಸೋತು ಹೇಳಿದಳು.

"ನಾ ಸತ್ತ ಮ್ಯಾಲ ತೆಗಿಯಲೇ. ಆವಾಗ ಅಲುಗಾಡು ಅಂದ್ರೂ ಅಲುಗಾಡಂಗಿಲ್ಲ."

"ಹಂಗಾದ್ರ ಮಾತು ಕೊಡು ಯವ್ವಾ. ಬ್ಯಾರೆಯವ್ರ ಕೈಲಿ ತೆಗೆಸ್ಕೊಬಾರ್ದು. ನನ್ನ ತಮ್ಮನ ಕೈಲೂ."

"ಹೂಂನೋ, ಕೊಟ್ಟೆ. ಮಜ್ಜಿಗಿ ಕುಡಿ ಮೊದ್ಲ."

ನಾವೆಲ್ಲ ನಕ್ಕಿದ್ದೆವು.

ಜೋಳ ಹಾಲು ತುಂಬುವ, ಎಳೆತೆನೆಯ ಸೀತನಿ ಸುಡುವ ದಿನಗಳಲ್ಲಿ ಅಜ್ಜಿ ಹೋದಳು. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಜಳಕ ಮಾಡಿಸಿ, ವಿಭೂತಿ ಧರಿಸಿ, ಹೊಸ ಸೀರೆ ಉಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಯವರು ಆಚೀಚೆ ಕೂತು ಕಡೆಯ ಫೋಟೋ ತೆಗೆಸುತ್ತಾರೆ. ಆಗೆಲ್ಲ ಎಷ್ಟೋ ಮನೆಗಳಲ್ಲಿ ಹಿರಿಯರದ್ದೆಂದು ಗೋಡೆಯ ಮೇಲಿರುತ್ತಿದ್ದುದು ಆ ಫೋಟೋ ಒಂದೇ. ಮುಚ್ಚಿದ ಕಣ್ಣಿನ ಮೇಲೆ ಸ್ಟುಡಿಯೋದವರು ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದುಕೊಡುತ್ತಿದ್ದರು. ಆ ಕೆಲಸದಲ್ಲಿ ಕಾಕಾರ ಕೈಗೆ ಸುತ್ತಲಿನ ಊರುಗಳಲ್ಲೇ ಹೆಸರಿತ್ತು. ಅವರು ಬರೆದ ಕಣ್ಣುಗಳು ಮನೆಯವರನ್ನು ನೋಡುತ್ತಿರುವಂತೆಯೇ ಇರುತ್ತಿದ್ದವು.

ಸುದ್ದಿ ತಿಳಿದು ಕಾಕಾರ ತಮ್ಮ ಸಿಂಧನೂರಿನಿಂದ ಕ್ಯಾಮೆರಾ ಹಾಕಿಕೊಂಡೇ ಬಂದಿದ್ದರು. "ಅಣ್ಣಾ, ನಂದರಾಗೂ ಒಂದೆರಡು ತೆಗಿತೀನಿ, ಇರ್ಲಿ," ಎಂದರು ಮೆಲ್ಲಗೆ.

"ಯವ್ವ ನನಗ ಮಾತು ಕೊಟ್ಟಾಳ. ನಿನ್ನ ಡಬ್ಬಿ ಒಳಗಿಡು."

ಅವರು ನಮ್ಮ ಅಪ್ಪನ ಮುಖ ನೋಡಿದರು. ಅಪ್ಪ, "ಅವನೇ ತೆಗಿಲಿ ಬಿಡಪಾ. ಅವ್ವನ ಮಾತು ಐತಿ," ಎಂದರು. ಕೆಂಪು ಪಟ್ಟಿ ಚೀಲದೊಳಗೆ ಹೋಯಿತು.

ಕಾಕಾ ಸ್ಟುಡಿಯೋಗೆ ಹೋಗಿ ಹೊಸ ರೀಲು ಹಾಕಿಕೊಂಡು ಬಂದರು. ಬೆಳಕು ಬರಲೆಂದು ಹಿಂಬಾಗಿಲನ್ನೂ ತೆಗೆಸಿದರು. ಬಾಗಿಲಲ್ಲಿ ಗುಂಪಾಗಿದ್ದವರನ್ನು ಸರಿಸಿದರು. ಅಜ್ಜಿಯ ಸೆರಗು ಅಭ್ಯಾಸದಿಂದಲೋ ಎಂಬಂತೆ ಹಣೆಯ ಮೇಲೆ ಇಳಿದಿತ್ತು. ಅದನ್ನು ಎರಡು ಬೆರಳಿನಿಂದ ಹಿಂದಕ್ಕೆ ಸರಿಸುತ್ತ, "ಇವತ್ತೊಂದಿನ ಯವ್ವಾ…" ಎಂದರು. ಅವರು ಅಳುತ್ತಲೇ ಕ್ಯಾಮೆರಾ ಎತ್ತಿದ್ದು, ಅಳುತ್ತಲೇ ಕಡ್ಡಿ ಎಳೆದದ್ದು ನನಗೆ ನೆನಪಿದೆ. ಒಮ್ಮೆ ತೆಗೆದು ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಎತ್ತುವರು. ಅಪ್ಪ ಪಕ್ಕದಲ್ಲಿ ಕೂತರು, ಅತ್ತೆಯಂದಿರು ಕೂತರು, ನಾವು ಮೊಮ್ಮಕ್ಕಳು ಕಾಲ ಹತ್ತಿರ ಕೂತೆವು. ಅಷ್ಟು ಹೊತ್ತು, ಅಷ್ಟು ಪ್ರೀತಿಯಿಂದ ತೆಗೆದ ಫೋಟೋಗಳನ್ನು ನಾನು ಬೇರೆ ಕಂಡಿಲ್ಲ.

ಅಪ್ಪ ಅಜ್ಜಿಯ ಉತ್ತರಕ್ರಿಯೆಯ, ದಿನವಸ್ತ್ರದ ಓಡಾಟದಲ್ಲಿದ್ದಾಗ ಕಾಕಾ ಬಂದು ಹೊಸ್ತಿಲಾಚೆಗೆ ನಿಂತರು. ಒಳಗೆ ಬರಲಿಲ್ಲ. ಕೈಯಲ್ಲಿ ತೊಳೆದ ರೀಲು ಇತ್ತು. ಉದ್ದಕ್ಕೆ ಇಳಿಬಿದ್ದಿತ್ತು, ನೀರಿನ ಹಾಗೆ ಸ್ವಚ್ಛವಾಗಿತ್ತು, ಅದರಾಚೆಗಿನ ಕಟ್ಟೆ ಕಾಣುತ್ತಿತ್ತು.

"ಅಣ್ಣಾ… ರೀಲು ಹಲ್ಲಿಗೆ ಹಿಡಿದಿಲ್ಲ. ಸುತ್ತೇ ಇಲ್ಲ."

ಅಪ್ಪ ಅದರ ತುದಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಎಡಗಡೆಯ ಗುಂಡಿ ತಿರುಗುತ್ತಿದೆಯೇ ಎಂದು ನೋಡಬೇಕಿದ್ದ ಕಣ್ಣುಗಳಲ್ಲಿ ಅಂದು ನೀರು ತುಂಬಿತ್ತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಬೈಯಲಿಲ್ಲ. ಕೊನೆಗೆ ಅಪ್ಪ, "ಇರ್ಲಿ ಬಿಡ್ರಿ," ಎಂದು ಒಳಗೆ ಹೋದರು. ಅಷ್ಟು ವರ್ಷ 'ಲೇ', 'ಬಾರೋ' ಎಂದು ಕರೆಯುತ್ತಿದ್ದವರು ಮರ್ಯಾದೆ ಕೊಟ್ಟು ಮಾತಾಡಿದ್ದು ಅದೇ ಮೊದಲು. ಕಾಕಾ ರೀಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೋದರು.

ಆಮೇಲೆ ಲಿಂಗಸುಗೂರಿನಿಂದ ಚಿತ್ರ ಬರೆಯುವವರೊಬ್ಬರನ್ನು ಕಾಕಾರೇ ಕರೆತಂದರು. ಮನೆಯವರು ಹೇಳಿದಂತೆ ಅಜ್ಜಿಯ ಮುಖ ಬರೆಯಲಿ ಎಂದು. ದೊಡ್ಡತ್ತೆ ಅವ್ವನ ಮೂಗು ಗಿಳಿಯ ಮೂಗು ಎಂದಳು. ಸಣ್ಣತ್ತೆ ಅಲ್ಲವೇ ಅಲ್ಲ, ದಪ್ಪ ಮೂಗು, ಅದಕ್ಕೇ ನತ್ತು ಒಪ್ಪುತ್ತಿತ್ತು ಎಂದಳು. ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಒಬ್ಬರಿಗೊಬ್ಬರು "ನಿನಗ ಅವ್ವನ ನೆನಪರ ಐತೇನು?" ಎಂದು ಅಂದುಕೊಂಡು, ಕೂಡಿ ಅತ್ತರು. ಚಿತ್ರದವರು ಚಹಾ ಕುಡಿದು ಹೊರಟುಹೋದರು. ಅಪ್ಪ ಪಡಸಾಲೆಯಲ್ಲಿ ಅಜ್ಜಿಯ ಫೋಟೋಗೆಂದು ಬಿಟ್ಟಿದ್ದ ಜಾಗದಲ್ಲಿ ಮಠದ ಸ್ವಾಮಿ ಅಜ್ಜಾರ ಫೋಟೋ ತೂಗುಹಾಕಿದರು. ಈಗ ನಾನು ಕಣ್ಣು ಮುಚ್ಚಿ ಅಜ್ಜಿಯನ್ನು ನೆನೆದರೆ ಸೆರಗು ಬರುತ್ತದೆ, ಮೊಣಕೈ ಬರುತ್ತದೆ, ಮಜ್ಜಿಗೆಯ ತಂಬಿಗೆ ಹಿಡಿದ ಬೆರಳುಗಳು ಬರುತ್ತವೆ… ಮುಖ ಬರುವುದಿಲ್ಲ.

ಹಳದಿ ಪಟ್ಟಿಯನ್ನು ಕಾಕಾ ಮತ್ತೆ ಕುತ್ತಿಗೆಗೆ ಹಾಕಲಿಲ್ಲ. ತಮ್ಮನಂಥದ್ದೇ ಕೆಂಪು ಪಟ್ಟಿಯ ಕ್ಯಾಮೆರಾ ತಂದರು. ಬಜಾರಿನವರು, ಕೊನೆಗೂ ಬುದ್ಧಿ ಬಂತು ಎಂದರು. ಫೋಟೋಗಳು ಕೆಡುತ್ತಿರಲಿಲ್ಲ, ಅದು ನಿಜ. ಆದರೆ ಗುಂಡಿ ಒತ್ತಿದ ಕೂಡಲೇ ಎದುರಿಗಿದ್ದವರ ಮುಖ ಬಿಟ್ಟು ಆ ಪುಟ್ಟ ಕಿಟಕಿಯನ್ನು ನೋಡುವುದು ಅವರಿಗೆ ಚಾಳಿಯಾಯಿತು. ಉಪ್ಪಿಟ್ಟಿನ ಮಾತು ನಿಂತಿತು. ಕಾಲರು ತಿದ್ದುವುದು ನಿಂತಿತು. ಅಪ್ಪನೂ ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟರು. ಕಾಕಾರ ಮೇಲಿನ ಸಿಟ್ಟಿಗಿಂತ, ಕೆಂಪು ಪಟ್ಟಿಯನ್ನು ಚೀಲದೊಳಗಿಡಿಸಿದ ತಮ್ಮದೇ ಮಾತು ಅವರನ್ನು ಹೆಚ್ಚು ತಿನ್ನುತ್ತಿತ್ತು ಎಂದು ಅವ್ವ ಬಹಳ ವರ್ಷಗಳ ಮೇಲೆ ನನಗೆ ಹೇಳಿದಳು. ಅದನ್ನು ಕಾಕಾರಿಗೆ ಯಾರೂ ಹೇಳಲಿಲ್ಲ. ಅವರು ಅದನ್ನು ಸಿಟ್ಟೆಂದೇ ತಿಳಿದು, ಸ್ಟುಡಿಯೋ ಖಾಲಿ ಮಾಡಿ, ಸಿಂಧನೂರಿಗೆ ತಮ್ಮನ ಹತ್ತಿರ ಹೋದರು. ಹಂಸದ ಪರದೆ ಇದ್ದ ಕೋಣೆಯಲ್ಲಿ ಗೊಬ್ಬರದ ಚೀಲ ತುಂಬಿದೆವು.

ನಾನು ಮದುವೆಯಾಗಿ ಬಂದದ್ದೂ ಸಿಂಧನೂರಿಗೇ. ಮಗಳನ್ನು ಶಾಲೆಗೆ ಸೇರಿಸುವಾಗ ಫೋಟೋ ತೆಗೆಸಲು ಆ ಸ್ಟುಡಿಯೋಗೆ ಹೋಗಿದ್ದೆ. ಕಾಕಾರ ತಮ್ಮ ಇರಲಿಲ್ಲ, ಕಾಕಾ ಇದ್ದರು. ಗುರುತು ಹಿಡಿದು "ಆರಾಮ ಅದಿಯವ್ವ?" ಎಂದರು. ಮಗಳನ್ನು ಕುರ್ಚಿಯ ಮೇಲೆ ಕೂಡಿಸಿದರು. ಅವಳು ಹೆದರಿ ತುಟಿ ಒತ್ತಿಕೊಂಡಿದ್ದಳು. ಕಾಕಾ ಏನೂ ಹೇಳದೆ ಗುಂಡಿ ಒತ್ತಿದರು, ಕ್ಯಾಮೆರಾದ ಹಿಂಭಾಗ ನೋಡಿದರು. "ಬಂದೈತಿ," ಎಂದರು.

ನನಗೆ ತಡೆಯಲಾಗಲಿಲ್ಲ. "ಕಾಕಾ, ಒಂದ್ಸಲ ಆಕೀನ ನಗಸ್ರಿ. ನಿಮ್ಮ ಹಂಗ ನಗಸೋ ಕೈ ಯಾರಿಗೈತಿ?"

"ಕೈ ಏನ ಮಾಡತೈತವ್ವ… ಗುಂಡಿ ಒತ್ತತೈತಿ. ಮಿಷನ್ನು ಚಲೋ ಐತಿ, ಅದಕ್ಕ ಅಳು ಬರಂಗಿಲ್ಲ."

ಫೋಟೋ ತೆಗೆದುಕೊಂಡು, ಮಗಳ ಕೈ ಹಿಡಿದು ಹೊರಗೆ ಬಂದೆ. ಅಪ್ಪ ತೀರಿಕೊಂಡಾಗ ಕಾಕಾ ಮಸ್ಕಿಗೆ ಬಂದು ಗುಂಪಿನ ಹಿಂದೆ ನಿಂತಿದ್ದರು. ಫೋಟೋ ತೆಗೆದವರು ಅವರ ತಮ್ಮ. ಎಲ್ಲ ಮುಗಿದ ಮೇಲೆ ಕಾಕಾ ಮುಂದೆ ಬಂದು ಅಪ್ಪನ ಪಾದ ಮುಟ್ಟಿ, ಅಪ್ಪನ ಅಂಗಿಯ ಕಾಲರನ್ನು ಮೆಲ್ಲಗೆ ತಿದ್ದಿದರು. ಫೋಟೋದಲ್ಲಿ ಕಾಲರು ಸೊಟ್ಟಗೇ ಇದೆ…

ಫೋನು ಬಂದ ದಿನ ಮಧ್ಯಾಹ್ನ ಕಾಕಾರ ಮನೆಗೆ ಹೋದೆ. ಕಾಕಾರನ್ನು ಕೂಡಿಸಿದ್ದರು. ಬಿಳಿ ಅಂಗಿ, ಹಣೆಗೆ ವಿಭೂತಿ. ಓಣಿಯ ಮಂದಿ ತುಂಬಿದ್ದರು. ಎತ್ತಿದ ಕೈಗಳಲ್ಲೆಲ್ಲ ಮೊಬೈಲು. ಯಾರದೋ ಕೈ ಇನ್ನಾರದೋ ಮುಖಕ್ಕೆ ಅಡ್ಡ, ಯಾರೋ ಹಿಂದಿನಿಂದ "ಸರೀರಿ, ಸರೀರಿ" ಎನ್ನುತ್ತಿದ್ದರು. ಕಾಕಾರ ತಮ್ಮನಿಗೂ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ದೊಡ್ಡ ಕ್ಯಾಮೆರಾ ಎತ್ತಿ, ಇಳಿಸಿ, ಕಣ್ಣೊರೆಸಿಕೊಂಡು, ಮತ್ತೆ ಎತ್ತಿ ತೆಗೆದರು.

ಕಾಕಿ ಗೋಡೆಗೆ ಒರಗಿ, ತಲೆ ತಗ್ಗಿಸಿ ಕೂತಿದ್ದರು. ಕ್ಲಿಕ್ ಎಂಬ ಸದ್ದು ಕೇಳಿದ್ದೇ ತಲೆ ಎತ್ತಿದರು.

"ಬಂದೈತೇನಪಾ? ಮೊದ್ಲ ನೋಡು. ಮಣ್ಣಿಗೆ ಒಯ್ಯೋದು ಆಮ್ಯಾಲ, ಮೊದ್ಲ ಬಂದೈತೇನು ನೋಡು."

"ಬಂದೈತಿ ವೈನಿ."

"ನನಗ ತೋರಸು."

ತಮ್ಮ ಮೊಣಕಾಲೂರಿ ಕೂತು ಕ್ಯಾಮೆರಾದ ಹಿಂಭಾಗವನ್ನು ಅವರ ಮುಂದೆ ಹಿಡಿದರು. ಕಾಕಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಎದುರಿಗೇ ಕೂತಿದ್ದ ಗಂಡನ ಕಡೆಗೆ ನೋಡದೆ, ಆ ಅಂಗೈಯಗಲದ ಗಾಜಿನೊಳಗೆ ನೋಡಿದರು. ಬೆರಳಿನಿಂದ ಒಮ್ಮೆ ಮುಟ್ಟಿದರು. "ಹಾಂ. ಬಂದಾರ," ಎಂದರು. ಆಮೇಲೆ ಅತ್ತರು, ಬಿಟ್ಟು ಅತ್ತರು. ನಾನು ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈ ಇಟ್ಟೆ.

ಮನೆಗೆ ನಡೆದು ಬರುವಾಗ ಕಟ್ಟೆಯ ಮೇಲಿನ ಆ ವಾದವೇ ತಲೆಯಲ್ಲಿತ್ತು. ಅಜ್ಜಿ ಹೋದ ದಿನ ಕೆಂಪು ಪಟ್ಟಿ ಚೀಲದಿಂದ ಹೊರಗಿದ್ದಿದ್ದರೆ ನಮ್ಮ ಪಡಸಾಲೆಯಲ್ಲಿ ಅಜ್ಜಿ ಇರುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಆ ಒಂದು ರೀಲಿಗಾಗಿ ಕಾಕಾ ತಮ್ಮ ಕೈಯನ್ನೇ ನಂಬದೆ ಉಳಿದ ಬದುಕನ್ನು ಕಳೆದರಲ್ಲ, ಆ ನಷ್ಟವನ್ನು ತುಂಬಿಕೊಡುವ ಕ್ಯಾಮೆರಾ ಯಾವ ಕಂಪನಿಯದೂ ಇರಲಿಲ್ಲ. ಹುಡುಗಿಯರ ಮುಖದಲ್ಲಿ ನಗು ಬಂದು ಒಡೆಯುವ ಮೊದಲಿನ ಆ ಕ್ಷಣವನ್ನು ಕಾಯಬಲ್ಲ ಒಬ್ಬ ಮನುಷ್ಯ ನಮ್ಮ ಕಡೆ ಇದ್ದರು. ಅವರು ಈಗ ಹೋದದ್ದಲ್ಲ, ಹೋಗಿ ಬಹಳ ದಿನಗಳಾಗಿದ್ದವು.

ತಲೆಗೆ ನೀರು ಹಾಕಿಕೊಂಡು, ಸಂಜೆ ದೀಪ ಹಚ್ಚಿ ಬಾಗಿಲಲ್ಲಿ ಕೂತಿದ್ದೆ. ಎದುರುಮನೆಯ ಅಕ್ಕ, ತುರ್ವಿಹಾಳದವರು, ಮೊಬೈಲು ನೋಡುತ್ತಲೇ ರಸ್ತೆ ದಾಟಿ ಬಂದು ಪಕ್ಕದಲ್ಲಿ ಕೂತರು. ಅವರ ಯಜಮಾನರ ಅಂಗಡಿ ಆ ಸ್ಟುಡಿಯೋದ ಸಾಲಿನಲ್ಲೇ ಇದೆ. ಯಜಮಾನರೂ ಮಣ್ಣಿಗೆ ಹೋಗಿ ಬಂದು ಸ್ಟೇಟಸ್ಸಿಗೆ ಫೋಟೋ ಹಾಕಿದ್ದರು. ಅಕ್ಕ ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ವಿಭೂತಿಯ ಒಂದೊಂದು ಗೆರೆಯೂ ಕಾಣುತ್ತಿತ್ತು, ಮುಚ್ಚಿದ ಕಣ್ಣಿನ ಒಂದೊಂದು ರೆಪ್ಪೆಯೂ.

"ಯಾರೋ ಸ್ಟುಡಿಯೋದಾಗಿನ ಹಿರೇರಂತ, ಪಾಪ," ಎಂದರು ಅಕ್ಕ. ಎರಡು ಬೆರಳಿನಿಂದ ಆ ಮುಖವನ್ನು ದೊಡ್ಡದು ಮಾಡಿ ನೋಡಿದರು. "ಆದ್ರ ಏನ ಕ್ಲಿಯರ್ ಬಂದೈತಿ ನೋಡ್ರೀ! ಇದು ನಮ್ಮನಿಯವ್ರ ಮೊಬೈಲಿಂದಲ್ಲ, ಯಾರೋ ಕಳಿಸ್ಯಾರ. ಯಾವ ಕಂಪನೀದಂತ ಕೇಳಬೇಕು."